ಗಂಟಲ ನೋವು, ಗುಂಡಿಗೆಯ ತಾಳ

ಕಳೆದ ವಾರ ಒಂದು ಸಂಜೆ ಮಂಡಿ ಮೊಹಲ್ಲಾದ ನಮ್ಮ ಮನೆಯ ಜಗಲಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಎದುರು ಮನೆಯವರು ಏಳನೆಯ ತರಗತಿಯಲ್ಲಿ ಓದುವ ಮಗನನ್ನು ಕರೆದುಕೊಂಡು ಬಂದರು. "ಮೇಷ್ಟ್ರೇ, ಇವನಿಗೆ ಎರಡು ದಿನದಿಂದ ಗಂಟಲು ನೋವು, ಜ್ವರ. ಉಪ್ಪುನೀರು ಮುಕ್ಕಳಿಸಿದರೆ ಸಾಕು ಅಂದರೆ ಇವರಮ್ಮ ಡಾಕ್ಟರ ಹತ್ತಿರ ಹೋಗಲೇಬೇಕು ಅಂತಾಳೆ. ಇಷ್ಟಕ್ಕೆಲ್ಲ ಡಾಕ್ಟರು ಬೇಕಾ, ನೀವೇ ಹೇಳಿ" ಎಂದರು.

"ಅವರಮ್ಮ ಹೇಳುವುದೇ ಸರಿ. ಈಗಲೇ ಹೊರಡಿ" ಎಂದೆ.

ನಾನು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಗಂಟಲಿಗೂ ಗುಂಡಿಗೆಗೂ ಒಂದು ಗೇಣಿನಷ್ಟೇ ದೂರ. ಆದರೆ ಗಂಟಲಿನ ಬೇನೆ ಗುಂಡಿಗೆಯ ತಾಳ ತಪ್ಪಿಸುವ ದಾರಿ ಮಾತ್ರ ಬಲು ಸುತ್ತಿನದು. ಈ ವಾರ ಆ ದಾರಿಯಲ್ಲಿ ನಡೆದು ನೋಡೋಣ.

ಕಾಲಿಗೆ ಮುಳ್ಳು ಚುಚ್ಚಿದರೆ ಏನಾಗುತ್ತದೆ? ಆ ಜಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಸುಮಾರು 2000 ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬಾತ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದಾನೆ. ಇದೇ ಉರಿಯೂತ. ಇದು ರೋಗವಲ್ಲ, ದೇಹ ತನ್ನನ್ನು ಕಾಪಾಡಿಕೊಳ್ಳುವ ಬಗೆ. ಗಾಯವಾದ ಕಡೆಗೆ ರಕ್ತ ಹೆಚ್ಚು ಹರಿಯುತ್ತದೆ, ಬಿಳಿ ರಕ್ತಕಣಗಳು ಧಾವಿಸಿ ರೋಗಾಣುಗಳನ್ನು ಕೊಲ್ಲುತ್ತವೆ. ಕಾವಲುಗಾರ ಕಳ್ಳನನ್ನು ಬಿಟ್ಟು ಮನೆಯವರನ್ನೇ ಹೊಡೆಯತೊಡಗಿದಾಗ ತೊಂದರೆ ಶುರುವಾಗುತ್ತದೆ.

ಗಂಟಲು ನೋವಿಗೆ ಹೆಚ್ಚಿನ ಸಲ ವೈರಸ್ ಕಾರಣ. ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ, ತಾನಾಗಿ ಹೋಗುತ್ತದೆ. ಕೆಲವು ಸಲ ಮಾತ್ರ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ ಕಾರಣವಾಗಿರುತ್ತದೆ. ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳನ್ನು ಹಿಡಿಯುತ್ತದೆ. ಇದರ ಹೊರಮೈಯ ಒಂದು ಪ್ರೋಟೀನಿಗೂ ನಮ್ಮ ಹೃದಯದ ಸ್ನಾಯುವಿನ ಪ್ರೋಟೀನಿಗೂ ಚಹರೆಯಲ್ಲಿ ಹೋಲಿಕೆಯಿದೆ. ಬ್ಯಾಕ್ಟೀರಿಯವನ್ನು ಹೊಡೆಯಲು ತಯಾರಾದ ಪ್ರತಿಕಾಯಗಳೂ ಬಿಳಿಕಣಗಳೂ ಕೆಲವು ಮಕ್ಕಳಲ್ಲಿ ಗುರುತು ತಪ್ಪಿ ಹೃದಯದ ಮೇಲೆ ಬೀಳುತ್ತವೆ. ಗಂಟಲು ವಾಸಿಯಾಗಿ ಎರಡು ಮೂರು ವಾರವಾದ ಮೇಲೆ, ಎಲ್ಲರೂ ಅದನ್ನು ಮರೆತಿರುವಾಗ, ಜ್ವರ ಮರಳಿ ಬರುತ್ತದೆ. ಇಂದು ಮಂಡಿ, ನಾಳೆ ಹರಡು, ನಾಳಿದ್ದು ಮೊಣಕೈ ಎಂಬಂತೆ ಕೀಲುನೋವು ಅಲೆದಾಡುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುಗಳು ಪೂರಾ ಸರಿಹೋಗುತ್ತವೆ. ಹೃದಯದ ಗಾಯ ಉಳಿದುಬಿಡಬಹುದು.

ಇನ್ನು ತಾಳದ ವಿಷಯ. ಹೃದಯದ ಬಲ ಹೃತ್ಕರ್ಣದಲ್ಲಿ ಪುಟ್ಟದೊಂದು ಗಂಟು ಇದೆ. ಅದು ನಿಮಿಷಕ್ಕೆ ಸುಮಾರು 70 ಸಲ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಸಂಕೇತ ಮೇಲಿನ ಕೋಣೆಗಳಾದ ಹೃತ್ಕರ್ಣಗಳಲ್ಲಿ ಹರಡಿ ನಡುವಿನ ಇನ್ನೊಂದು ಗಂಟಿಗೆ ಬರುತ್ತದೆ. ಅಲ್ಲಿ ಕ್ಷಣದ ಒಂದಂಶ ತಡೆದು, ಅನಂತರ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಮೇಲಿನ ಕೋಣೆ ಹಿಂಡಿದ ರಕ್ತ ಕೆಳಗೆ ತುಂಬಿಕೊಳ್ಳಲಿ ಎಂದೇ ಈ ತಡೆ. ಇ.ಸಿ.ಜಿ.ಯಲ್ಲಿ ಅಳೆದರೆ, ಮೇಲಿನಿಂದ ಕೆಳಗೆ ಬರಲು ದೊಡ್ಡವರಲ್ಲಿ 0.12ರಿಂದ 0.20 ಸೆಕೆಂಡು ಹಿಡಿಯುತ್ತದೆ. ರುಮ್ಯಾಟಿಕ್ ಜ್ವರದಲ್ಲಿ ಈ ಕಾಲ ಹಲವರಲ್ಲಿ ಉದ್ದವಾಗುತ್ತದೆ. ಉರಿಯೂತ ತಾಳದ ಮೇಲೆ ಕೈಯಿಟ್ಟಿದೆ ಎಂಬುದಕ್ಕೆ ಅದೇ ಮೊದಲ ಸುಳಿವು. 1944ರಲ್ಲಿ ಅಮೆರಿಕದ ಡಾಕ್ಟರ್ ಜೋನ್ಸ್ ಈ ಜ್ವರವನ್ನು ಗುರುತಿಸಲು ಹಾಕಿಕೊಟ್ಟ ಸೂತ್ರಗಳಲ್ಲಿ ಇದಕ್ಕೂ ಜಾಗವಿದೆ.

ಈ ನಡುವಿನ ಗಂಟು ಪತ್ತೆಯಾದ ಕತೆಯೂ ಸ್ವಾರಸ್ಯವಾಗಿದೆ. ಜರ್ಮನಿಯ ಮಾರ್ಬುರ್ಗಿನಲ್ಲಿದ್ದ ಆಶಾಫ್ ಎಂಬ ಪ್ರಾಧ್ಯಾಪಕರು 1904ರಲ್ಲಿ ರುಮ್ಯಾಟಿಕ್ ರೋಗಿಗಳ ಹೃದಯದಲ್ಲಿ ಸೂಕ್ಷ್ಮವಾದ ಗಂಟುಗಳನ್ನು ವಿವರಿಸಿದರು. ಅವರ ಬಳಿ ಕಲಿಯಲು ಜಪಾನಿನಿಂದ ಬಂದಿದ್ದ ತವಾರಾ ಎಂಬ ತರುಣ ವೈದ್ಯರಿಗೆ, ಸತ್ತವರ ಹೃದಯಗಳಲ್ಲಿ ಉರಿಯೂತವನ್ನು ಹುಡುಕುವ ಕೆಲಸ ಕೊಟ್ಟರು. ಹೃದಯಗಳನ್ನು ತೆಳ್ಳಗೆ ಹೆಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋದ ತವಾರಾ ಅವರಿಗೆ ಸಿಕ್ಕಿದ್ದು ಸಂಕೇತ ಸಾಗುವ ದಾರಿ! 1906ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಉರಿಯೂತ ಹುಡುಕಲು ಹೋದವರಿಗೆ ತಾಳದ ತಂತಿ ಸಿಕ್ಕಿತು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. 1999ರ ಮಾತು. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಎಂಟನೆಯ ತರಗತಿಯಲ್ಲಿ ಒಬ್ಬಳು ಹುಡುಗಿ, ಮುತ್ತು ಪೋಣಿಸಿದಂಥ ಅಕ್ಷರ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಬರವಣಿಗೆ ಕೋಳಿ ಕೆದರಿದ ಹಾಗಾಯಿತು. ಪ್ರನಾಳ ಕೊಟ್ಟರೆ ಕೈಜಾರಿ ಬೀಳಿಸುತ್ತಿದ್ದಳು, ಪಾಠದ ನಡುವೆ ಮುಖ ಸೊಟ್ಟ ಮಾಡುತ್ತಿದ್ದಳು. ಚೇಷ್ಟೆ ಎಂದುಕೊಂಡು ಪಾಠವನ್ನು ಹತ್ತು ಸಲ ಬರೆಸಿದೆ, ಹೊರಗೆ ನಿಲ್ಲಿಸಿದೆ. ಮಗು ಅತ್ತಿತೇ ಹೊರತು ಕೈ ಹತೋಟಿಗೆ ಬರಲಿಲ್ಲ.

ಕೊನೆಗೆ ತಂದೆ ಅವಳನ್ನು ದೊಡ್ಡಾಸ್ಪತ್ರೆಗೆ, ಅಂದರೆ ನಮ್ಮ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಕೆಲವು ತಿಂಗಳ ಹಿಂದೆ ಗಂಟಲು ನೋವು ಬಂದಿತ್ತೇ?" ಬಂದಿತ್ತು. ರುಮ್ಯಾಟಿಕ್ ಜ್ವರ ಮಿದುಳನ್ನು ಮುಟ್ಟಿದರೆ ಕೈಕಾಲು ತಮ್ಮಷ್ಟಕ್ಕೆ ಕುಣಿಯುತ್ತವೆ. 17ನೆಯ ಶತಮಾನದ ಇಂಗ್ಲಿಷ್ ವೈದ್ಯ ಸಿಡೆನ್‌ಹ್ಯಾಮ್ ಅವರ ಹೆಸರು ಈ ಬೇನೆಗಿದೆ. ಸ್ಟೆತಾಸ್ಕೋಪಿಗೆ ಅವಳ ಎದೆಯಲ್ಲಿ ಮರ್ಮರ ಶಬ್ದವೂ ಕೇಳಿಸಿತು. ಬಿ.ಎಸ್‌ಸಿ., ಬಿ.ಎಡ್. ಮಾಡಿದ ನಾನು ಆ ಮಗುವಿನ ರೋಗಕ್ಕೆ ಶಿಕ್ಷೆ ಕೊಟ್ಟಿದ್ದೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆಯೇ ನಾಚಿಕೊಂಡು ಒಳಗೆ ಓಡಿಹೋದಳು.

ಕೆಲವು ತಿಂಗಳಲ್ಲಿ ಕೈ ಸರಿಹೋಯಿತು. ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸಬಾರದು ಎಂದು ವೈದ್ಯರು ಹೇಳಿದ್ದರು. ಮತ್ತೆ ಮತ್ತೆ ಗಂಟಲು ಕೆಟ್ಟರೆ ಪ್ರತಿ ಸಲವೂ ಹೃದಯಕ್ಕೆ ಹೊಸ ಪೆಟ್ಟು ಬೀಳುತ್ತದೆ. ಅದನ್ನು ತಡೆಯಲು ಈ ಸೂಜಿ. ಹೃದಯಕ್ಕೆ ಪೆಟ್ಟಾದವರು ಕಡೇಪಕ್ಷ ಹತ್ತು ವರ್ಷ, ಕೆಲವರು ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳಬೇಕು. ಪಿ.ಯು.ಸಿ. ಮುಗಿದ ಮೇಲೆ ಮನೆಯವರು ನಿಲ್ಲಿಸಿಬಿಟ್ಟರು. ಹುಡುಗಿ ಗಟ್ಟಿಮುಟ್ಟಾಗಿದ್ದಳು, ಸೂಜಿಯ ವಿಷಯ ಗಂಡಿನ ಕಡೆಯವರ ಕಿವಿಗೆ ಬೀಳಬಾರದು ಎಂಬ ಅಳುಕೂ ಇತ್ತು.

ಉರಿಯೂತ ಆರಿದಲ್ಲಿ ಗಾಯದ ಕಲೆ ಉಳಿಯುತ್ತದೆ. ಎಡಭಾಗದ ಎರಡು ಕೋಣೆಗಳ ನಡುವೆ ಮೈಟ್ರಲ್ ಎಂಬ ಕವಾಟವಿದೆ. ನಮ್ಮ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನಲ್ಲಿ ಹಬ್ಬದ ದಿನ ಬಿಷಪರು ಧರಿಸುವ ಎರಡು ಎಸಳಿನ ಟೋಪಿ ನೋಡಿದ್ದೀರಲ್ಲ, ಅದರ ಹೆಸರು ಮೈಟರ್. ಕವಾಟಕ್ಕೆ ಹೆಸರು ಬಂದದ್ದು ಅದರಿಂದಲೇ. ಈ ಎಸಳುಗಳು ದಪ್ಪಗಾಗಿ ಅಂಟಿಕೊಂಡರೆ 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಬಾಗಿಲು ಒಂದೂವರೆಗೆ, ಒಂದಕ್ಕೆ ಇಳಿಯುತ್ತದೆ. ರಕ್ತ ಮುಂದೆ ಹೋಗಲಾರದೆ ಮೇಲಿನ ಕೋಣೆ ಉಬ್ಬುತ್ತದೆ. ಕಲೆಗಟ್ಟಿ ಹಿಗ್ಗಿದ ಗೋಡೆಯಲ್ಲಿ ಸಂಕೇತ ನೇರವಾಗಿ ಸಾಗದೆ ಸುಳಿಸುಳಿಯಾಗಿ ಸುತ್ತುತ್ತದೆ. ಹೃತ್ಕರ್ಣ ಹಿಂಡುವುದನ್ನು ಬಿಟ್ಟು ನಿಮಿಷಕ್ಕೆ 350ಕ್ಕೂ ಮೀರಿ ಬರಿದೆ ಅದುರುತ್ತದೆ. ಇದಕ್ಕೆ ಹೃತ್ಕರ್ಣದ ಕಂಪನ ಎನ್ನೋಣ. ನಾಡಿಗೆ ಲೆಕ್ಕವಿರುವುದಿಲ್ಲ. ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು.

ನನ್ನ ವಿದ್ಯಾರ್ಥಿನಿಗೆ ಇದು ತಿಳಿದದ್ದು ಬಸಿರಾದಾಗ. ಬಸುರಿಯ ದೇಹದಲ್ಲಿ ರಕ್ತದ ಪ್ರಮಾಣ ಏರುತ್ತದೆ, ಚಿಕ್ಕ ಬಾಗಿಲಿಗೆ ಅದು ತಡೆಯದು. ಏದುಸಿರು, ಎದೆಯಲ್ಲಿ ಹಕ್ಕಿ ರೆಕ್ಕೆ ಬಡಿದ ಹಾಗೆ. ಪುಣ್ಯಕ್ಕೆ ಸಕಾಲದಲ್ಲಿ ಆಸ್ಪತ್ರೆ ಸೇರಿದಳು. ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಕವಾಟ ಅಗಲಿಸುವ ಚಿಕಿತ್ಸೆಯನ್ನು 1980ರ ದಶಕದಲ್ಲಿ ಜಪಾನಿನ ಇನೌಯೆ ಕಂಡುಹಿಡಿದರು. ನಮ್ಮ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದದ್ದು. ಮೈಸೂರಿನಲ್ಲೂ ಅದರ ಶಾಖೆಯಿದೆ. ಬಲೂನಿನಿಂದ ಅವಳ ಕವಾಟ ತೆರೆಯಿತು, ತಾಳ ಮಾತ್ರ ಹಳೆಯ ಸ್ಥಿತಿಗೆ ಬರಲಿಲ್ಲ. ಇಂದಿಗೂ ರಕ್ತ ತೆಳುವಾಗಿರಲು ಮಾತ್ರೆ, ಅದರ ಅಳತೆ ನೋಡಲು ಆಗಾಗ ರಕ್ತಪರೀಕ್ಷೆ. ಮಗ ಈಗ ಹೈಸ್ಕೂಲಿನಲ್ಲಿದ್ದಾನೆ.

ತಾಳ ತಪ್ಪಿಸುವುದು ರುಮ್ಯಾಟಿಕ್ ಉರಿಯೂತ ಒಂದೇ ಅಲ್ಲ. ವೈರಸ್ ಸೋಂಕಿನಿಂದ ಹೃದಯದ ಸ್ನಾಯು ಊದಿಕೊಂಡರೂ ಹೀಗಾಗಬಹುದು. 1997ರಲ್ಲಿ ಇಟಲಿಯ ವೈದ್ಯರು, ಬೇರಾವ ಕಾರಣವೂ ಕಾಣದ 12 ಕಂಪನದ ರೋಗಿಗಳ ಹೃದಯದಿಂದ ಚೂರು ತೆಗೆದು ನೋಡಿದಾಗ 8 ಮಂದಿಯಲ್ಲಿ ಉರಿಯೂತದ ಗುರುತಿತ್ತು. ಆದರೆ ಮಕ್ಕಳ ಮಟ್ಟಿಗೆ ನಾವು ಸುಲಭವಾಗಿ ತಡೆಯಬಹುದಾದದ್ದು ಗಂಟಲಿನಿಂದ ಬರುವ ಇದನ್ನೇ. ಗಂಟಲು ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಯಾವ ಗಂಟಲಿಗೆ ಅದು ಬೇಕು ಎಂದು ಹೇಳಬೇಕಾದವರು ವೈದ್ಯರು, ಅಂಗಡಿಯವರಲ್ಲ. ಮಾತ್ರೆ ಕೊಟ್ಟರೆ ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಮನೆಯ ಎಲ್ಲರದೂ ಬರೆದಿಡಿ. ಉಸಿರು ಎಳೆದಾಗ ನಿಮ್ಮ ನಾಡಿ ಕೊಂಚ ಬೇಗ, ಬಿಟ್ಟಾಗ ನಿಧಾನ ಎನಿಸಿದರೆ ಗಾಬರಿ ಬೇಡ, ಎಳೆಯರಲ್ಲಿ ಅದು ಸಹಜ. ಲೆಕ್ಕವೇ ಇಲ್ಲದ ಹಾಗೆ ಬಡಿಯುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ. ನನ್ನ ಹಾಗೆ ಕೆಟ್ಟ ಅಕ್ಷರಕ್ಕೆ ಸಿಟ್ಟಾಗುವ ಮೇಷ್ಟರುಗಳಿಗೂ ಒಂದು ಮಾತು: ಚೆನ್ನಾಗಿ ಬರೆಯುತ್ತಿದ್ದ ಕೈ ಇದ್ದಕ್ಕಿದ್ದಂತೆ ಕೆಟ್ಟರೆ, ಬೈಯುವ ಮೊದಲು ಮಗುವಿನ ಗಂಟಲ ವಿಷಯ ವಿಚಾರಿಸಿ.

ಎದುರು ಮನೆಯ ಹುಡುಗನಿಗೆ ವೈದ್ಯರು ಹತ್ತು ದಿನದ ಮಾತ್ರೆ ಬರೆದುಕೊಟ್ಟಿದ್ದಾರೆ. ನಿನ್ನೆಯೇ ಅವನು ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಅವರಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು: "ಇನ್ನೂ ನಾಲ್ಕು ದಿನದ್ದು ಬಾಕಿ ಇದೆ, ಬಾರೋ!"