ಸಂತಪದವಿಯ ಪರೀಕ್ಷೆಯೂ ನಮ್ಮ ಕರ್ತವ್ಯವೂ



ಬಂಟ್ವಾಳದ ನೆರೆಯ ಮುಡಿಪು ಗುಡ್ಡದಲ್ಲಿರುವ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರವನ್ನು ಅರಿಯದ ಕಥೋಲಿಕರು ಈ ಸೀಮೆಯಲ್ಲಿ ವಿರಳ. ೧೬೮೧ರಿಂದ ಸುಮಾರು ಮೂರು ವರುಷ ಈ ಕರಾವಳಿಯಲ್ಲಿ ಸೇವೆಗೈದ ಆ ಗುರುಗಳು ೧೭೧೧ರಲ್ಲಿ ಸಿಂಹಳದ್ವೀಪದ ಕ್ಯಾಂಡಿಯಲ್ಲಿ ದೇವಾಧೀನರಾದರು. ಅವರನ್ನು ೧೯೯೫ರಲ್ಲಿ ಧನ್ಯರೆಂದೂ ೨೦೧೫ರಲ್ಲಿ ಸಂತರೆಂದೂ ಸಾರಲಾಯಿತು. ಸಂತಪದವಿಗೆ ವಾಡಿಕೆಯಂತೆ ಬೇಕಾದ ಇನ್ನೊಂದು ಅದ್ಭುತವನ್ನು ಪೋಪ್ ಫ್ರಾನ್ಸಿಸರು ಕೇಳಲಿಲ್ಲ. ಪರೀಕ್ಷೆ ಸುಲಭವಾದ ಕಾರಣ ಪದವಿಯ ಬೆಲೆ ಇಳಿಯಿತೇ? ನನಗೆ ಹಾಗೆ ತೋರುವುದಿಲ್ಲ.

ಆದಿಯಲ್ಲಿ ಸಂತರನ್ನು ಗುರುತಿಸಿದವರು ಊರ ಭಕ್ತರೂ ಅಲ್ಲಿಯ ಬಿಷಪರೂ ಆಗಿದ್ದರು. ೧೨೩೪ರಲ್ಲಿ ಆ ಅಧಿಕಾರವು ಪೋಪರಿಗೇ ಮೀಸಲಾಯಿತು. ೧೫೮೮ರಲ್ಲಿ ರೋಮಿನಲ್ಲಿ ಇದರ ವಿಚಾರಣೆಗೆಂದು ಮಂಡಲಿಯೊಂದು ಏರ್ಪಟ್ಟಿತು. ನ್ಯಾಯಾಲಯದಲ್ಲಿರುವಂತೆ ವಾದಪ್ರತಿವಾದಗಳು ನಡೆಯುತ್ತಿದ್ದವು; ಆಕ್ಷೇಪಣೆ ಎತ್ತುವ ಅಧಿಕಾರಿಗೆ ‘ಸೈತಾನನ ವಕೀಲ’ನೆಂಬ ಅಡ್ಡಹೆಸರೇ ಬಂದಿತು. ೧೯೮೩ರಲ್ಲಿ ಎರಡನೆಯ ಜಾನ್ ಪಾಲರು ಆ ವಕೀಲನ ಪಾತ್ರವನ್ನು ಬಹುಮಟ್ಟಿಗೆ ತಗ್ಗಿಸಿ, ಅದ್ಭುತಗಳ ಸಂಖ್ಯೆಯನ್ನು ಇಳಿಸಿ, ಜೀವನಚರಿತ್ರೆಯ ಪರಿಶೋಧನೆಗೆ ಪ್ರಾಧಾನ್ಯವನ್ನಿತ್ತರು.

ಆದಕಾರಣ ಇಂದು ಸಾಕ್ಷಿಗಳ ಮಾತಿಗೂ ಕಾಗದಪತ್ರಗಳಿಗೂ ತೂಕ ಹೆಚ್ಚು. ನನ್ನ ಚಿಂತೆ ಇರುವುದು ಇಲ್ಲಿಯೇ. ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಅವರ ಪರವಾಗಿ ದುಡಿಯಲು ಸಂಸ್ಥೆಗಳುಂಟು. ೧೯೨೧ರಲ್ಲಿ ಮಂಗಳೂರಿನಲ್ಲಿ ಬೆಥನಿ ಸಂಸ್ಥೆಯನ್ನು ಸ್ಥಾಪಿಸಿದ ರೇಮಂಡ್ ಮಸ್ಕರೇನ್ಹಸರ ವಿಚಾರಣೆಯು ೨೦೦೮ರಲ್ಲಿ ಆರಂಭವಾದುದು ಸಂತೋಷದ ಸಂಗತಿ. ಆದರೆ ಬೆಳ್ತಂಗಡಿಯ ತೋಟದಲ್ಲಿಯೋ ಮೂಡುಬಿದಿರೆಯ ಪೇಟೆಯಲ್ಲಿಯೋ ಮನೆವಾರ್ತೆ ನಡೆಸಿ, ರೋಗಿಗಳನ್ನು ಸಲಹಿ, ಮೌನವಾಗಿ ತೀರಿಹೋದ ತಾಯಿಯ ಪರವಾಗಿ ಸಾಕ್ಷಿ ನುಡಿಯುವವರಾರು?

ಬೆಥನಿ ಸಹೋದರಿಯರ ಪಾಲಕಿಯಾದ ಸಂತ ತೆರೇಜಮ್ಮನವರ ತಾಯಿ ಜೆಲಿ ಮಾರ್ಟಿನರು ಫ್ರಾನ್ಸ್ ದೇಶದಲ್ಲಿ ಲೇಸು ನೇಯಿಸುವ ಉದ್ಯೋಗ ನಡೆಸುತ್ತಿದ್ದ ಗೃಹಿಣಿ. ೨೦೧೫ರಲ್ಲಿ ಪತಿಯೊಡನೆ ಅವರಿಗೂ ಸಂತಪದವಿ ದೊರೆಯಿತು. ಅವರು ಬರೆದ ೨೦೦ಕ್ಕೂ ಮಿಕ್ಕ ಪತ್ರಗಳನ್ನು ಬಂಧುಗಳು ಎಸೆಯದೆ ಕಾಪಾಡಿದ್ದರು. ಅವುಗಳಿಲ್ಲದಿದ್ದರೆ ಆಕೆಯ ಅಂತರಂಗವನ್ನು ಲೋಕವು ಬಲ್ಲುದೇ?

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ಮನೆಯ ಹಿರಿಯರ ಪತ್ರಗಳನ್ನು ಗೆದ್ದಲಿಗೆ ಬಿಡದಿರಿ. ಕಂಡುದನ್ನು ಇಸವಿ ಸಹಿತ ಬರೆದಿಡಿರಿ. ಗುಣವನ್ನು ಹಿಗ್ಗಿಸದೆ, ದೋಷವನ್ನು ಮರೆಮಾಡದೆ ಬರೆಯಿರಿ. ಅಕ್ಷರ ಕಲಿತ ಹೆಣ್ಣುಮಕ್ಕಳಿಗೆ ಇದು ಸಲ್ಲುವ ಸೇವೆ. ಯಾರನ್ನೂ ಸಂತರೆಂದು ಸಾರುವ ಅಧಿಕಾರ ನಮಗಿಲ್ಲ. ಸತ್ಯಸಾಕ್ಷಿ ನುಡಿಯುವ ಹೊಣೆಯು ಮಾತ್ರ ನಮ್ಮದೇ.