ತೆರಿಗೆಯ ರಿಯಾಯಿತಿ ಯಾರ ಜೇಬಿಗೆ?

2025ರ ಮಾರ್ಚ್ ತಿಂಗಳಲ್ಲಿ ಮಂಡಿಸಿದ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಚಲನಚಿತ್ರ ಕ್ಷೇತ್ರಕ್ಕೆ ಉದ್ಯಮದ ಸ್ಥಾನಮಾನವನ್ನು ಘೋಷಿಸಿತು. ಕೈಗಾರಿಕಾ ನೀತಿಯಂತೆ ಕಾರ್ಖಾನೆಗಳಿಗೆ ಸಲ್ಲುವ ಸವಲತ್ತುಗಳು ಚಿತ್ರೋದ್ಯಮಿಗಳಿಗೂ ಸಲ್ಲತಕ್ಕವೆಂಬುದು ಇದರ ಅರ್ಥ. ಮೈಸೂರಿನಲ್ಲಿ 150 ಎಕರೆ ಸರ್ಕಾರಿ ಭೂಮಿಯಲ್ಲಿ, ಖಾಸಗಿಯವರ ಸಹಭಾಗಿತ್ವದಲ್ಲಿ, 500 ಕೋಟಿ ರೂಪಾಯಿಯ ಚಿತ್ರನಗರಿಯನ್ನು ಕಟ್ಟುವುದಾಗಿಯೂ ಸಾರಲಾಯಿತು. ಅದೇ ವರ್ಷದ ಜುಲೈನಲ್ಲಿ ಅದೇ ಸರ್ಕಾರದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ಅಂಗಡಿಕಾರರ ಯುಪಿಐ ಲೆಕ್ಕವನ್ನು ಕೆದಕಿ ಸಾವಿರಾರು ನೋಟೀಸುಗಳನ್ನು ಕಳುಹಿಸಿತು. ವರ್ತಕರು ಪ್ರತಿಭಟನೆಗೆ ನಿಂತ ಮೇಲೆಯೇ ಹಳೆಯ ಬಾಕಿಯ ಪಟ್ಟು ಸಡಿಲವಾಯಿತು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ವಾಚಕರನ್ನು ಕೋರುತ್ತೇವೆ.

ನಾವು ಸಿನಿಮಾದ ವಿರೋಧಿಗಳಲ್ಲ. ಗಿರಣಿಯಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಹೆಂಡತಿ ಮಕ್ಕಳೊಡನೆ ಒಂದು ಆಟ ನೋಡುವ ಹಕ್ಕಿದೆ. ಕನ್ನಡ ಚಿತ್ರಕ್ಕೆ ಸರ್ಕಾರ ನೆರವಾದದ್ದನ್ನೂ ನಾವು ತಪ್ಪೆನ್ನುವುದಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದಲ್ಲಿ. ಆ ಬಳಿಕವೂ ಬಹುಕಾಲ ನಮ್ಮ ಚಿತ್ರಗಳು ಮದರಾಸಿನ ಸ್ಟುಡಿಯೋಗಳ ಬಾಗಿಲು ಕಾಯಬೇಕಾಯಿತು. ಈ ಪರಾಧೀನತೆಯನ್ನು ಕಳೆಯಲು 1960ರ ದಶಕದಲ್ಲಿ ಅಂದಿನ ಮೈಸೂರು ಸರ್ಕಾರ ಸಹಾಯಧನವನ್ನು ಕೊಡಲಾರಂಭಿಸಿದ್ದು ನ್ಯಾಯವಾದ ಕೆಲಸವೇ ಆಗಿತ್ತು. ಕೊಟ್ಟ ಹಣ ಯಾರನ್ನು ಮುಟ್ಟುತ್ತಿದೆ ಎಂಬುದೊಂದೇ ನಮ್ಮ ಪ್ರಶ್ನೆ.

ಹಿಂದಿನ ಮನರಂಜನಾ ತೆರಿಗೆಯಾಗಲಿ, 2017ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಸರಕು ಮತ್ತು ಸೇವಾ ತೆರಿಗೆಯಾಗಲಿ, ತೆರುವವನು ಟಿಕೇಟು ಕೊಳ್ಳುವ ಪ್ರೇಕ್ಷಕನೇ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿಯವರೆಗಿನ ಟಿಕೇಟಿಗೆ ಶೇಕಡ 5, ಅದಕ್ಕೆ ಮೀರಿದ್ದಕ್ಕೆ ಶೇಕಡ 18 ದರವಿದೆ. 200 ರೂಪಾಯಿಯ ಟಿಕೇಟಿನ ಮೇಲೆ 36 ರೂಪಾಯಿ ತೆರಿಗೆ. ಅದರಲ್ಲಿ ಅರ್ಧ, ಅಂದರೆ 18 ರೂಪಾಯಿ, ರಾಜ್ಯದ ಪಾಲು. ಒಂದು ಚಿತ್ರಕ್ಕೆ ರಾಜ್ಯವು ತನ್ನ ಪಾಲನ್ನು ಬಿಟ್ಟುಕೊಟ್ಟರೆ ಈ 18 ರೂಪಾಯಿ ಪ್ರೇಕ್ಷಕನ ಕೈಯಲ್ಲಿ ಉಳಿಯಬೇಕು. ಚಿತ್ರಮಂದಿರದವರು ಮೂಲ ಬೆಲೆಯನ್ನೇ ಅಷ್ಟು ಏರಿಸಿಬಿಟ್ಟರೆ ಬೊಕ್ಕಸಕ್ಕೂ ನಷ್ಟ, ಬಡವನಿಗೂ ಲಾಭವಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ನಿಜವಾಗುತ್ತದೆ.

ಬೆಲೆಗೆ ಕಡಿವಾಣ ಹಾಕಿದಾಗ ಏನಾಯಿತು? 2025ರ ಸೆಪ್ಟೆಂಬರಿನಲ್ಲಿ ಸರ್ಕಾರವು ತೆರಿಗೆ ಬಿಟ್ಟು 200 ರೂಪಾಯಿಯ ಮಿತಿಯನ್ನು ಗೊತ್ತುಮಾಡಿತು. ಮಲ್ಟಿಪ್ಲೆಕ್ಸ್ ಒಡೆಯರೂ ದೊಡ್ಡ ನಿರ್ಮಾಪಕರೂ ಉಚ್ಚ ನ್ಯಾಯಾಲಯಕ್ಕೆ ಹೋಗಿ ಅದೇ ತಿಂಗಳು ಮಧ್ಯಂತರ ತಡೆಯಾಜ್ಞೆಯನ್ನು ತಂದರು. ರಿಯಾಯಿತಿ ಬೇಡುವಾಗ ಕಲೆ, ಸಂಸ್ಕೃತಿ ಎನ್ನುವವರು ಬೆಲೆ ಇಳಿಸಿರೆಂದೊಡನೆ ವ್ಯಾಪಾರದ ಸ್ವಾತಂತ್ರ್ಯವನ್ನು ನೆನೆಯುತ್ತಾರೆ.

ವಿನಾಯಿತಿಗೆ ಅಳತೆಗೋಲಾದರೂ ಇದೆಯೇ? 2022ರ ಮಾರ್ಚ್‌ನಲ್ಲಿ ‘ದಿ ಕಾಶ್ಮೀರ್ ಫೈಲ್ಸ್’ ಎಂಬ ಹಿಂದಿ ಚಿತ್ರಕ್ಕೂ, ಜೂನ್‌ನಲ್ಲಿ ‘777 ಚಾರ್ಲಿ’ ಎಂಬ ಕನ್ನಡ ಚಿತ್ರಕ್ಕೂ ಆಗಿನ ಸರ್ಕಾರ ವಿನಾಯಿತಿಯನ್ನು ಸಾರಿತು. ಚಿತ್ರದ ಗುಣದೋಷ ಇಲ್ಲಿ ಅಪ್ರಸ್ತುತ. ಮಂತ್ರಿಗಳ ಮೆಚ್ಚುಗೆಯೊಂದರಿಂದಲೇ ಸಾರ್ವಜನಿಕರ ಹಣ ಬಿಟ್ಟುಹೋಗುವುದಾದರೆ ಅದು ಪ್ರಜಾಪ್ರಭುತ್ವವೆನಿಸದು, ಅರಸರ ಕಾಲದ ಇನಾಮೆನಿಸುತ್ತದೆ.

ಇನ್ನು ದೀಪ ಹೊರುವವರು, ಸೆಟ್ಟು ಕಟ್ಟುವ ಬಡಗಿಗಳು, ಅಡಿಗೆಯವರು, ದಿನಗೂಲಿಯ ಸಹನಟರು. ಇವರ ಕ್ಷೇಮನಿಧಿಗಾಗಿ 2024ರಲ್ಲಿ ಶಾಸನವಾಯಿತು, ಸ್ವಾಗತಾರ್ಹ. ಆದರೆ ಟಿಕೇಟಿನ ಮೇಲೆ ಶೇಕಡ 1ರಿಂದ 2ರ ಸೆಸ್ಸನ್ನು ಆ ನಿಧಿಗೆ ಗೊತ್ತುಮಾಡಲಾಯಿತು. ಒಡೆಯನಿಗೆ ಬೊಕ್ಕಸದಿಂದ ನೆರವು, ಅವನ ಕೂಲಿಯಾಳಿಗೆ ಪ್ರೇಕ್ಷಕನ ಜೇಬಿನಿಂದ ನೆರವು!

ಇಂಥ ಔದಾರ್ಯ ಕೊನೆಗೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯವೇ ಸಾಕ್ಷಿ. ಅದು ಮೋಟಾರು ಕಾರ್ಖಾನೆಗಳ ನಾಡು. ಕಾರ್ಖಾನೆಗಳು ಮುಚ್ಚುತ್ತಿದ್ದಾಗ ಸಿನಿಮಾದಿಂದ ಉದ್ಯೋಗ ಬರುವುದೆಂದು ನಂಬಿ, ಚಿತ್ರ ತಯಾರಿಕೆಯ ವೆಚ್ಚದಲ್ಲಿ ಶೇಕಡ 42ರವರೆಗೆ ತುಂಬಿಕೊಡುವ ಕಾನೂನನ್ನು 2008ರಲ್ಲಿ ಮಾಡಿದರು. ಪಾಂಟಿಯಾಕ್ ಎಂಬ ಊರಿನಲ್ಲಿ ಜನರಲ್ ಮೋಟಾರ್ಸ್ ಬಿಟ್ಟುಹೋದ ಜಾಗದಲ್ಲಿ ಸ್ಟುಡಿಯೋ ಎದ್ದಿತು. ಅದರ 1 ಕೋಟಿ 80 ಲಕ್ಷ ಡಾಲರ್ ಸಾಲಪತ್ರಗಳಿಗೆ ಹೊಣೆ ನಿಂತದ್ದು ಶಾಲಾ ಉಪಾಧ್ಯಾಯರೂ ಸೇರಿದ ಸರ್ಕಾರಿ ನೌಕರರ ಪಿಂಚಣಿ ನಿಧಿ! 2012ರಲ್ಲಿ ಸ್ಟುಡಿಯೋ ಕಂತು ಕಟ್ಟಲಾರದೆ ಹೋದಾಗ ಪಿಂಚಣಿಯ ಹಣವೇ ಹೋಯಿತು. 2015ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಮೈಸೂರಿನ ಚಿತ್ರನಗರಿಗೆ ಹೊಣೆ ನಿಲ್ಲುವವರು ಯಾರೆಂದು ನಾವು ಈಗಲೇ ಕೇಳಬೇಕು.

ನಮ್ಮ ಬೇಡಿಕೆಗಳು ನಾಲ್ಕು. ವಿನಾಯಿತಿ ಪಡೆದ ಚಿತ್ರದ ಟಿಕೇಟಿನಲ್ಲಿ ಇಳಿದ ಮೊತ್ತವನ್ನು ಅಚ್ಚುಮಾಡಬೇಕು; ಮೂಲ ಬೆಲೆ ಏರಿಸಿದವರಿಂದ ಹಣ ವಸೂಲಾಗಬೇಕು. ಯಾರಿಗೆ ಎಷ್ಟು ಸಹಾಯ ಸಂದಿತೆಂಬ ಪಟ್ಟಿ ವರ್ಷಕ್ಕೊಮ್ಮೆ ಶಾಸನಸಭೆಯ ಮುಂದೆ ಬರಬೇಕು. ಕೂಲಿಯನ್ನೂ ಭವಿಷ್ಯನಿಧಿಯನ್ನೂ ಪೂರ್ತಿ ಸಲ್ಲಿಸಿದ ರಸೀದಿ ತೋರಿಸದ ನಿರ್ಮಾಪಕನಿಗೆ ಒಂದು ಕಾಸೂ ಸಲ್ಲಬಾರದು. ಜಿಲ್ಲೆ ತಾಲ್ಲೂಕುಗಳ ಒಂಟಿ ಪರದೆಯ ಚಿತ್ರಮಂದಿರಗಳಿಗೆ, 100 ರೂಪಾಯಿಯೊಳಗೆ ಕನ್ನಡ ಚಿತ್ರ ತೋರಿಸುವ ಕರಾರಿನ ಮೇಲೆ, ಮೊದಲ ನೆರವು ಸಿಗಬೇಕು.

ಒಂದು ದಿನ ತಡವಾಗಿ ಲೆಕ್ಕ ಒಪ್ಪಿಸಿದರೂ ಸಣ್ಣ ವರ್ತಕ ದಂಡ ತೆರುತ್ತಾನೆ. ಕೋಟಿಗಟ್ಟಲೆ ಪಡೆಯುವವರು ಲೆಕ್ಕ ಒಪ್ಪಿಸಲಿ ಎನ್ನುವುದು ಅತಿಯಾಸೆಯಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಮಾತು ನಮ್ಮ ರಾಜ್ಯದ ತೆರಿಗೆ ನೀತಿಯಾಗಬಾರದು.