ಭರಣಿ ಬೇಕು, ಕುಂಬಾರ ಬೇಡವೇ?

ಹಳೇ ಭರಣಿಗಳಿಗೆ ಈಗ ಶುಕ್ರದೆಸೆ. ಮಲೆನಾಡಿನ ಅಟ್ಟಗಳಿಂದ ಇಳಿದು ನಗರದ ಕೆಫೆ, ರೆಸಾರ್ಟುಗಳ ಮೂಲೆ ಸೇರುತ್ತಿವೆ. ಒಂದರೊಳಗೆ ಬಲ್ಬು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೂವು. ನಾನೂ ಭರಣಿ ಕೂಡಿಡುವ ಹುಚ್ಚಿನವನೇ. ಆದರೂ ಈ ಭರಾಟೆಯ ಮೇಲೆ ನನ್ನದೊಂದು ತಕರಾರಿದೆ.

ಭರಣಿ ಹುಟ್ಟಿದ್ದು ಅಲಂಕಾರಕ್ಕಲ್ಲ. ಸಾಮಾನ್ಯವಾಗಿ 1200 ಡಿಗ್ರಿ ಸೆಲ್ಸಿಯಸ್ ದಾಟಿದ ಬೆಂಕಿಯಲ್ಲಿ ಬೆಂದ ಸ್ಟೋನ್‌ವೇರ್ ಮಣ್ಣು ನೀರು ಹೀರುವುದನ್ನೇ ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ಉಪ್ಪು, ಹುಳಿ ಅದನ್ನು ತಿನ್ನಲಾರವು. ಅಪ್ಪೆಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದರಲ್ಲಿ ಅಜ್ಜಿಯ ಕೈಗುಣದಷ್ಟೇ ಪಾಲು ಈ ಪಾತ್ರೆಗೂ ಇದೆ. ನಮ್ಮ ಹೊನ್ನಾವರವನ್ನೂ ಕಂಡುಹೋಗಿದ್ದ ಪ್ರವಾಸಿ ಇಬ್ನ್ ಬತೂತ, ಸಮುದ್ರಯಾನಕ್ಕೆಂದು ಶುಂಠಿ, ಮೆಣಸು, ನಿಂಬೆ, ಮಾವನ್ನು ಉಪ್ಪು ಹಾಕಿ ತುಂಬಿದ ಮರ್ತಬಾನ್ ಎಂಬ ದೊಡ್ಡ ಜಾಡಿಗಳ ವಿಷಯವನ್ನು 14ನೇ ಶತಮಾನದಲ್ಲೇ ದಾಖಲಿಸಿದ್ದಾನೆ.

ನನ್ನಲ್ಲಿರುವ ದೊಡ್ಡ ಭರಣಿಯೊಳಗೆ ಕೈಯಿಳಿಸಿದರೆ, ಚಕ್ರದ ಮೇಲೆ ಮಣ್ಣೆತ್ತಿದ ಬೆರಳುಗಳ ಏರಿಳಿತ ತಾಕುತ್ತದೆ. ನಡುವೆ ಒಂದು ದಪ್ಪ ಉಂಗುರ: ಎರಡು ಭಾಗ ಬೇರೆಬೇರೆ ಮಾಡಿ ಬೆಸೆದ ಜಾಗ. ಕೊರಳಿನ ಕಂದು ಮೆರುಗು ಒಂದು ಕಡೆ ಹೊಟ್ಟೆಯವರೆಗೆ ಸೋರಿದೆ. ಬುಡದಲ್ಲಿ ಮೆರುಗು ಹಚ್ಚದ ಬಳೆಯಗಲದಲ್ಲಿ ಬರೀ ಮಣ್ಣಿನ ಬಣ್ಣ. ಮಾಡಿದವನ ಹೆಸರು ಮಾತ್ರ ಎಲ್ಲೂ ಇಲ್ಲ. ಮಾರಿದವನಿಗೆ ಊರೂ ಗೊತ್ತಿರಲಿಲ್ಲ, ರೇಟು ಮಾತ್ರ ಬಾಯಿಪಾಠವಾಗಿತ್ತು.

ಹೆಸರು ಹೇಳಬಲ್ಲ ಕುಂಬಾರರು ಈಗಲೂ ಇದ್ದಾರೆ. ಜಪಾನಿನಲ್ಲಿ ಕುಂಬಾರಿಕೆ ಕಲಿತಿದ್ದ ಡೆಬೊರಾ ಸ್ಮಿತ್, ರೇ ಮೀಕರ್ ಜೊತೆಗೂಡಿ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರುಮಾಡಿದರು. ಅಲ್ಲಿ ಕಲಿತವರಲ್ಲಿ ಅನೇಕರು ಸ್ವಂತ ಭಟ್ಟಿ ಹೂಡಿದರು. ಇಂಥವರ ಮಳಿಗೆಗೆ ಹೋಗಿ ನಾವು ಕೇಳುವ ಮೊದಲ ಮಾತು, ‘ಒಂದು ಬಟ್ಟಲಿಗೆ ಇಷ್ಟೊಂದಾ?’ ಸೌದೆ, ಮೆರುಗು, ಭಟ್ಟಿಯಲ್ಲೇ ಬಿರುಕುಬಿಟ್ಟ ಪಾತ್ರೆಗಳ ನಷ್ಟ, ಎಲ್ಲವೂ ಆ ಬೆಲೆಯಲ್ಲೇ ಹುಟ್ಟಬೇಕು. ಅನಾಮಿಕನ ಹಳೇ ಭರಣಿಗೆ ದಲ್ಲಾಳಿ ಹೇಳಿದಷ್ಟು ಸುರಿಯುವವರು ಕಣ್ಣೆದುರಿನ ಕುಂಬಾರನ ಹತ್ತಿರ ಚೌಕಾಸಿಗೆ ನಿಲ್ಲುವುದು ಯಾವ ಸೀಮೆಯ ಕಲಾಪ್ರೇಮ?

ಸಂಗ್ರಹಿಸಿ, ಬೇಡವೆನ್ನುವುದಿಲ್ಲ. ಆದರೆ ಹಳೆಯದೊಂದು ಕೊಂಡರೆ ಹೊಸದೊಂದನ್ನೂ ಕೊಳ್ಳಿ. ಮಾಡಿದವರ ಹೆಸರು, ಊರು, ಮಣ್ಣು ಕೇಳಿ ಬರೆದಿಡಿ. ಮೆರುಗಿನಲ್ಲಿ ಸೀಸವಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹುಳಿ ಪದಾರ್ಥಕ್ಕೆ ಸೀಸ ಇಳಿದರೆ ವಿಷ. ಆಮೇಲೆ ಈ ಸಲದ ಮಿಡಿಯನ್ನು ಆ ಹೊಸ ಭರಣಿಯಲ್ಲೇ ಹಾಕಿ. ಕುಂಬಾರನಿಗೆ ಮುಂದಿನ ಭಟ್ಟಿ ಹೊತ್ತಿಸಲು ಬೇಕಿರುವುದು ನಮ್ಮ ಮೆಚ್ಚುಗೆಯಲ್ಲ, ಗಿರಾಕಿ.